ಹನ್ನೊಂದು ತಿಂಗಳು

ಕ್ಯಾಸೆಟ್ಟನ್ನು ಪೂರ್ತಿ ಕೇಳಬೇಕಾಗಿತ್ತು. ರಾಣೇಬೆನ್ನೂರಿನಿಂದ ಹಾವೇರಿಗೆ ಹೊರಟ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದ ಶಂಭುಲಿಂಗನಿಗೆ ಬೆಳಗಿನಿಂದ ಇದೊಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಕ್ಯಾಸೆಟ್ಟು ಬಂದದ್ದು ಸೋಮವಾರ, ಇವತ್ತು ಗುರುವಾರ. ಮೂರು ದಿನದಲ್ಲಿ ಒಂದು ಗಂಟೆ ಬಿಡುವು ಸಿಗಲಿಲ್ಲವೆಂದರೆ ಯಾರೂ ನಂಬಲಾರರು, ಅವನೂ ನಂಬಿರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಎಲಿಯಾ ತನ್ನ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆದಿದ್ದ: ಮೊದಲು ನೀನೊಬ್ಬನೇ ಕೂತು ಕೊನೆಯವರೆಗೆ ಕೇಳು, ಆಮೇಲೆ ಉಳಿದವರಿಗೆ ಕೇಳಿಸು. ಹೆಂಡತಿ ಸುಧಾರಾಣಿ ಸಂತೆಗೆ ಹೋದದ್ದನ್ನು ನೋಡಿ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದ್ದೂ ಆಗಿತ್ತು. ಒಂದಿಷ್ಟು ಗರಗರ ಸದ್ದು, ದೂರದಲ್ಲಿ ಒಂದು ಕೋಳಿ ಕೂಗಿದ್ದು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡು 'ಶಂಭು, ನನ್ನ ಸಹೋದರ' ಅಂದದ್ದು. ಹದಿನಾಲ್ಕು ವರ್ಷ ಬರೀ ಕೈಬರಹವಾಗಿದ್ದ ಮನುಷ್ಯನಿಗೆ ಹೀಗೆ ಏಕಾಏಕಿ ಒಂದು ಗಂಟಲು ಬಂದುಬಿಟ್ಟಿತು. ಅದೂ ಜೋಳ ಖಾಲಿಯಾದ ಹಗೇವಿನೊಳಗೆ ನಿಂತು ಮಾತಾಡಿದಂಥ ದಪ್ಪ ಗಂಟಲು. ಅಂಥ ಗಂಟಲು ಏನು ಬೇಕಾದರೂ ಹೇಳಬಹುದು ಅನಿಸಿ ಶಂಭುಲಿಂಗ ಟೇಪನ್ನು ಬಂದ್ ಮಾಡಿದ್ದ. ಸುಧಾರಾಣಿ ಬಂದು 'ಏನಂತಾನ್ರಿ ನಿಮ್ಮ ಗೆಳ್ಯಾ?' ಎಂದು ಕೇಳಿದಾಗ, 'ಸೆಲ್ ವೀಕ್ ಆಗ್ಯಾವ' ಎಂದಿದ್ದ. ಅವಳು ಪಾಪ ಮರುದಿನವೇ ಹೊಸ ಸೆಲ್ ತಂದು ಟೇಪಿನ ಪಕ್ಕದಲ್ಲಿ ಇಟ್ಟಿದ್ದಳು. ಅವು ಇನ್ನೂ ಹಾಗೇ ಕೂತಿದ್ದವು.

ಎಲಿಯಾ ಇರುವುದು ತಾಂಜಾನಿಯಾದ ಮೊರೊಗೊರೊ ಎಂಬ ಊರಿನಲ್ಲಿ. ಇಬ್ಬರಿಗೂ ಇಪ್ಪತ್ತು ದಾಟಿದ್ದ ಕಾಲ. ಶಾರ್ಟ್‌ವೇವ್ ರೇಡಿಯೊದ ಹುಚ್ಚು. ಕೇಳುಗರ ವಿಳಾಸ ಓದುವ ಒಂದು ಕಾರ್ಯಕ್ರಮದಲ್ಲಿ ಅವನ ಹೆಸರು ತೇಲುತ್ತ ಮುಳುಗುತ್ತ ಬಂದಿತ್ತು, ಇವನು ಬರೆದುಕೊಂಡಿದ್ದ. ತಿಂಗಳಿಗೊಂದು ಪತ್ರ. ಎಲಿಯಾ ತನ್ನೂರಿನ ಗುಡ್ಡಗಳ ಬಗ್ಗೆ ಬರೆಯುತ್ತಿದ್ದ, ಫುಟ್‌ಬಾಲ್ ಪಂದ್ಯದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದ, ಕೆಟ್ಟ ರೇಡಿಯೊಗಳನ್ನು ಬಿಚ್ಚಿ ಕಟ್ಟುವ ತನ್ನ ಅಂಗಡಿಯಲ್ಲಿ ಯಾವ ಗಿರಾಕಿ ಏನು ಜಗಳ ತೆಗೆದನೆಂದು ಬರೆಯುತ್ತಿದ್ದ. ಇಂಗ್ಲಿಷ್ ಅಧ್ಯಾಪಕನಾದ ಮೇಲೆ ಶಂಭುಲಿಂಗ ಆ ಪತ್ರಗಳನ್ನು ತರಗತಿಯಲ್ಲಿ ಓದಿ ಹೇಳಿ ಒಂದು ನಮೂನೆಯ ಹೆಸರು ಮಾಡಿಕೊಂಡಿದ್ದ. ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಒಂದು ರಿಜಿಸ್ಟರ್ ಲಕೋಟೆ ಬಂತು. ಅಂಚೆಯವನು ಮುಂದೆ ಮಾಡಿದ ಗುಲಾಬಿ ಚೀಟಿಗೆ ಸಹಿ ಹಾಕಿ, ಬಾಗಿಲಲ್ಲೇ ಒಡೆದು ನೋಡಿದರೆ ಫೋಟೋ. ಅಂಗಡಿಯ ಮುಂದೆ ಒಬ್ಬ ಎತ್ತರದ ಕರಿಯ ಮನುಷ್ಯ ನಗುತ್ತ ನಿಂತಿದ್ದಾನೆ, ಬಲಗಂಕುಳಲ್ಲಿ ಊರುಗೋಲು, ಬಲಗಾಲು ಸಲಿಕೆಯ ಕಾವಿನಂತೆ ಸಣ್ಣಗೆ, ನೆಲಕ್ಕೆ ಮುಟ್ಟದೆ ಜೋತಾಡುತ್ತಿದೆ. ಹಿಂದೆ ಬರೆದಿತ್ತು: ಇದು ನಾನು, ಪೂರ್ತಿ. ಸುಧಾರಾಣಿ ನೋಡಿ 'ಅಯ್ಯ ಪಾಪ' ಅಂದಳು. ಶಂಭುಲಿಂಗನಿಗೆ ಪಾಪ ಅನಿಸಲಿಲ್ಲ, ಅದೇ ಅವನ ಸಂಕಟ. ಅವನಿಗೆ ಸಿಟ್ಟು ಬಂತು. ಎಂಟು ವರ್ಷ ಮುಚ್ಚಿಟ್ಟನಲ್ಲ ಎಂಬ ಸಿಟ್ಟಿನ ಕೆಳಗೆ ಇನ್ನೊಂದು ಇತ್ತು, ಅದನ್ನು ಅವನು ಬಹಳ ದಿನ ನೋಡದೆ ತಪ್ಪಿಸಿಕೊಂಡ: ಹೇಸಿಕೆ. ಆ ಕಾಲು ಕಣ್ಣಿಗೆ ಬಂದರೆ ಊಟ ಸೇರುತ್ತಿರಲಿಲ್ಲ. ಪತ್ರ ಬರೆಯಲು ಕೂತರೆ 'ನಿನ್ನೆ ಸಂಜೆ ಕೆರೆಯ ಏರಿಯ ಮೇಲೆ ನಡೆದುಕೊಂಡು ಹೋಗಿದ್ದೆ' ಎಂದು ಬರೆಯಬಹುದೋ ಬರೆಯಬಾರದೋ ಎಂದು ಕೈ ನಿಲ್ಲುತ್ತಿತ್ತು. 'ಹೇಗಿದ್ದೀ' ಎಂಬ ಒಂದು ಪದವೂ ಬೇರೆ ಏನನ್ನೋ ಕೇಳಿದಂತಾಗುತ್ತಿತ್ತು. ಬರೆದ, ಹರಿದ, ಮತ್ತೆ ಬರೆದ, ಹರಿದ. ಒಂದು ತಿಂಗಳು ಬಿಟ್ಟದ್ದಕ್ಕೆ ಎರಡನೇ ತಿಂಗಳು ಬರೆಯುವುದು ಕಷ್ಟವಾಯಿತು, ಎರಡು ಬಿಟ್ಟದ್ದಕ್ಕೆ ಮೂರನೆಯದು. ಆಚೆಯಿಂದ ನಾಲ್ಕು ಪತ್ರ ಬಂದವು, ಆಮೇಲೆ ನಿಂತವು. ಹನ್ನೊಂದು ತಿಂಗಳಾದ ಮೇಲೆ ಒಂದು ಭಾನುವಾರ, ಏನೂ ಕಾರಣವಿಲ್ಲದೆ, ಅವನು ಒಂದೇ ಏಟಿಗೆ ಬರೆದು ಹಾಕಿದ: ನಿನ್ನ ಫೋಟೋ ಇವತ್ತು ಮುಟ್ಟಿತು, ನಮ್ಮ ಅಂಚೆ ಇಲಾಖೆಗೆ ಬೆಂಕಿ ಹಾಕಬೇಕು, ಅಂಗಡಿಯಲ್ಲಿ ನಿನ್ನ ಹಿಂದೆ ಕಾಣುವ ದೊಡ್ಡ ರೇಡಿಯೊ ಯಾವ ಕಂಪನಿಯದು? ಎಲಿಯಾನ ಉತ್ತರ ಮಾಮೂಲಿನಂತೆಯೇ ಬಂತು. ರೇಡಿಯೊ ಜರ್ಮನಿಯದಂತೆ.

ಹಾಗಾಗಿ ಹೋದ ವರ್ಷ ಎಲಿಯಾ, ಮೂವತ್ತೈದರ ವಯಸ್ಸಿನಲ್ಲಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಫೀಸು ನೋಡಿದ ಮೇಲೆ ಸೀಟನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುವುದೇ ವಾಸಿ ಅನಿಸಿದೆ ಎಂದು ತಮಾಷೆಯಾಗಿ ಬರೆದಾಗ, ಶಂಭುಲಿಂಗ ಯಾರೂ ಕೇಳದೆ ತಾನೇ ಮೈಮೇಲೆ ಎಳೆದುಕೊಂಡ. ನಾನು ಕೂಡಿಸುತ್ತೇನೆ, ಅಂದ. ಅರವತ್ತು ಸಾವಿರ. ಮೊದಲು ಕಾಲೇಜಿನ ಸ್ಟಾಫ್ ರೂಮು. ಅಲ್ಲಿ 'ನಮ್ಮ ಹುಡುಗ್ರಿಗೇ ಫೀಸಿಗೆ ರೊಕ್ಕಿಲ್ಲ, ಆಫ್ರಿಕಾದ ಉಸಾಬರಿ ಯಾಕ್ರಿ' ಎಂಬ ನ್ಯಾಯವಾದ ಮಾತು, ಐವತ್ತರ ನೋಟು. ತಾನೇ ಐದುನೂರಾ ಒಂದು ಬರೆದುಕೊಂಡಾಗ, ಅದಕ್ಕಿಂತ ಹೆಚ್ಚಿಗೆ ಬರೆಯದ ಕೈಯನ್ನು ಎಲ್ಲರೂ ನೋಡಿದಂತೆನಿಸಿತು. ಕರಪತ್ರ ಅಚ್ಚು ಹಾಕಿಸೋಣವೆಂದರು. ಅದರಲ್ಲಿ, ಒಂದು ಕಾಲು ಪೋಲಿಯೋದಿಂದ ಸೊರಗಿದ, ಸ್ವಂತ ಅಂಗಡಿ ನಡೆಸುವ, ತಂಗಿಯ ಮದುವೆ ಮಾಡಿದ ಎಲಿಯಾನನ್ನು 'ಎರಡೂ ಕಾಲುಗಳ ಸ್ವಾಧೀನವಿಲ್ಲದ, ದಿಕ್ಕುದೆಸೆಯಿಲ್ಲದ ಯುವಕ' ಎಂದು ಬರೆದದ್ದು ಶಂಭುಲಿಂಗನೇ. ಒಂದು ಕಾಲಿಗೆ ಜನ ಹತ್ತು ರೂಪಾಯಿ ಕೊಟ್ಟರೆ ಎರಡು ಕಾಲಿಗೆ ಇಪ್ಪತ್ತು ಕೊಡುತ್ತಾರೆ ಎಂಬ ಲೆಕ್ಕ ಅವನಿಗೆ ಅಷ್ಟು ಸಲೀಸಾಗಿ ಹೊಳೆದದ್ದು ಹೇಗೆ ಎಂದು ಈಗಲೂ ಅವನಿಗೆ ಆಶ್ಚರ್ಯ.

ದುಡ್ಡಿನ ದೊಡ್ಡ ಪಾಲು ಬಂದದ್ದು ಬ್ಯಾಡಗಿಯಿಂದ, ದಲಾಲಿ ಅಂಗಡಿಯ ಮಾಲತೇಶಪ್ಪನಿಂದ. ಅವನ ಅಂಗಡಿಗೆ ಮೆಣಸಿನಕಾಯಿ ತಂದ ಪ್ರತಿಯೊಬ್ಬರ ಚೀಲದಿಂದ ಒಂದು ಬೊಗಸೆ ಧರ್ಮಕ್ಕೆಂದು ತೆಗೆದು ಮೂಲೆಯಲ್ಲಿ ಗುಡ್ಡೆ ಹಾಕುವುದು ಹಿಂದಿನಿಂದ ನಡೆದು ಬಂದದ್ದು; ಗುಡ್ಡೆ ಮಾರಿದ ದುಡ್ಡು ವರ್ಷಕ್ಕೊಂದು ಸತ್ಕಾರ್ಯಕ್ಕೆ. ಈ ವರ್ಷ ಸತ್ಕಾರ್ಯ ಆಫ್ರಿಕಕ್ಕೆ ಹೋಗಲೆಂದು ಮಾಲತೇಶಪ್ಪ ತೀರ್ಮಾನಿಸಿದ್ದ. 'ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ದೇಶಕ್ಕ ಹೋಗೇತಿ, ಬ್ಯಾಡಗಿ ಧರ್ಮನೂ ಹೋಗ್ಲಿ ಬಿಡ್ರಿ' ಎಂದು ನಕ್ಕು, ಕೂಡಲೇ ಮುಖ ಗಂಭೀರ ಮಾಡಿ, 'ಅವ ಏನ್ ತಿಂತಾನ್ರಿ?' ಎಂದು ಕೇಳಿದ್ದ. 'ಬಾಳೆಕಾಯಿರಿ, ಅವರ ಕಡೆ ಬಾಳೆಕಾಯಿನ ಊಟ' ಎಂದು ಶಂಭುಲಿಂಗ ಹೇಳಿದ್ದ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಜನವರಿಯ ಒಂದು ಗುರುವಾರ ಅವನೂ ಗುಡ್ಡೆಯ ಬಳಿ ನಿಂತಿದ್ದಾಗ ಕರ್ಜಗಿಯ ಸೋಮವ್ವ ಎಂಬ ಮುದುಕಿ, ತನ್ನ ಒಂದೇ ಚೀಲದಿಂದ ಹಮಾಲನ ಕೈ ಒಳಗೆ ಹೋಗಿ ತುಂಬಿ ಹೊರಬಂದದ್ದನ್ನು ಕಣ್ಣು ಕೀಳದೆ ನೋಡಿ, 'ಇದು ಯಾರಿಗೆ ಹೊಂಟತಿ ಯಪ್ಪಾ ಈ ವರ್ಷ?' ಎಂದು ಅವನನ್ನೇ ಕೇಳಿದ್ದಳು. 'ನನ್ನ ಒಬ್ಬ ಗೆಳ್ಯಾಗಬೇ. ಕಲಿಯಾಕ' ಎಂದಿದ್ದ. 'ಅವನ್ನ ಭಾಳ ಹಚ್ಚಿಗೊಂಡೀರೇನು?' ಎಂದಳು. ಅವನು ಕೆಮ್ಮಿದ. ಅಲ್ಲಿ ಎಲ್ಲರೂ ಕೆಮ್ಮುತ್ತಲೇ ಇರುತ್ತಾರೆ, ಮೆಣಸಿನ ಘಾಟಿಗೆ.

ಹಾವೇರಿಯಲ್ಲಿ ಮಾಲೆ ಕಟ್ಟುವ ಕುಲ್ಸುಮಬಿಯ ಮನೆ ಹುಡುಕುವುದು ಕಷ್ಟವಿರಲಿಲ್ಲ, ಓಣಿಯ ತುದಿಯಿಂದಲೇ ಏಲಕ್ಕಿಯ ವಾಸನೆ. ದುಡ್ಡು ಕೊಟ್ಟವರಿಗೆ ಎಲಿಯಾನ ಕ್ಯಾಸೆಟ್ಟು ಕೇಳಿಸಲು ಬ್ಯಾಡಗಿಯಲ್ಲಿಟ್ಟ ಇವತ್ತಿನ ಸಮಾರಂಭದಲ್ಲಿ ಮಾಲತೇಶಪ್ಪನ ಕೊರಳಿಗೆ ಏಲಕ್ಕಿ ಮಾಲೆ ಹಾಕಬೇಕು. ಅದನ್ನು ಹೇಳಿದವನು ಮಾಲತೇಶಪ್ಪನೇ: 'ನನಗೇನೂ ಬ್ಯಾಡ್ರಿ ಸರ. ಆದರ ಒಂದು ಏಲಕ್ಕಿ ಮಾಲಿ ಇಲ್ಲಂದ್ರ ಹಾವೇರಿ ಜಿಲ್ಲಾದಾಗ ಅದನ್ನ ಕಾರ್ಯಕ್ರಮ ಅಂತಾರೇನ್ರಿ?' ಆರುನೂರಾ ಐವತ್ತು ರೂಪಾಯಿ. ಕೂಡಿಸಿದ ದುಡ್ಡಿನಿಂದಲೇ ಕೊಟ್ಟದ್ದು, ಬೇರೆ ಎಲ್ಲಿಂದ ಕೊಡಬೇಕು? ಐದೆಳೆಯ ಮಾಲೆ ಇನ್ನೂ ಮುಗಿದಿರಲಿಲ್ಲ. 'ಕರೆಂಟ ಹೋಗಿತ್ರಿ ಸರ, ಇನ್ನೊಂದು ಎಳಿ ಐತಿ. ನೀವು ಹೊಂಡ್ರಿ, ನಮ್ಮ ಸುಮಯ್ಯಾ ನಿಮ್ಮ ಕೂಡ ಬರ್ತಾಳ, ಬಸ್ಸಿನ್ಯಾಗ ಮುಗಸ್ತಾಳ' ಎಂದಳು ಕುಲ್ಸುಮಬಿ, ಸೂಜಿಯಿಂದ ಕಣ್ಣೆತ್ತದೆ. ಮಗಳು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಬಿ.ಎ. ಕೊನೆಯ ವರ್ಷ, ಇಂಗ್ಲಿಷ್ ಐಚ್ಛಿಕ. ಆಫ್ರಿಕದಿಂದ ಬರುವ ಕ್ಯಾಸೆಟ್ಟು ಕೇಳಿಸುತ್ತಾರೆಂದು ಸಮಾರಂಭದ ಆಮಂತ್ರಣದಲ್ಲಿ ಓದಿದಾಗಿನಿಂದ ಬರಬೇಕೆಂದು ಅವಳೇ ಅಮ್ಮನ ಬೆನ್ನು ಹತ್ತಿದ್ದಳಂತೆ.

ಬಸ್ಸಿನಲ್ಲಿ ಅವಳು ಮಡಿಲಲ್ಲಿ ಕರವಸ್ತ್ರ ಹಾಸಿ ಏಲಕ್ಕಿ ಹರವಿಕೊಂಡು, ಬಸ್ಸು ಕುಣಿದಾಗ ಸೂಜಿ ನಿಲ್ಲಿಸಿ, ಮತ್ತೆ ಪೋಣಿಸುತ್ತ ಕೇಳಿದಳು. 'ಎಷ್ಟ್ ವರ್ಷದಿಂದ ಬರಕೋತ ಬಂದೀರಿ ಸರ್?' ಹದಿನಾಲ್ಕು, ಅಂದ. 'ಒಮ್ಮೆನೂ ಮಾರಿ ನೋಡಿಲ್ಲ?' ಇಲ್ಲ. 'ನಡುವ ಒಮ್ಮೆನೂ ಬಿಟ್ಟಿಲ್ಲ?' ಶಂಭುಲಿಂಗ ಹೊರಗೆ ನೋಡಿದ. ಹೆದ್ದಾರಿಯಲ್ಲಿ ಲಾರಿಗಳ ಸಾಲು. ಇಲ್ಲ, ಎಂದ. ಅವಳು ಒಂದು ಏಲಕ್ಕಿಯನ್ನು ಬೆರಳಲ್ಲಿ ಹಿಡಿದು ಅವನನ್ನೇ ನೋಡಿದಳು. ಆಮೇಲೆ, 'ನನಗೂ ಅಂಥ ಒಬ್ಬಾಕಿ ಗೆಳತಿ ಸಿಕ್ಕಿದ್ರ ಸಾಕ್ರಿ ಸರ್. ನಮ್ಮ ಕಾಲೇಜಿನವ್ರು ಊರು ಬಿಟ್ರ ಒಂದ ಫೋನೂ ಮಾಡಂಗಿಲ್ಲ' ಎಂದಳು. ಅವನಿಗೆ ಅವಳ ಮೇಲೆ ಸಣ್ಣಗೆ ಸಿಟ್ಟು ಬಂತು. ಹೀಗೆ ನಂಬುವವರಿಂದಲೇ ಮನುಷ್ಯ ಕೆಡುವುದು ಎಂದುಕೊಂಡು, ಇದೂ ಒಂದು ನೆಪ ಎಂದು ಗೊತ್ತಾಗಿ, ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕೂತ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಅವಳು ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು.

ಸಮಾರಂಭ ಮಾಲತೇಶಪ್ಪನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ. ಹರಾಜು ಮುಗಿದಿತ್ತು, ಅಂಗಳದಲ್ಲೆಲ್ಲ ಚೀಲಗಳು ಬಾಯಿ ತೆರೆದು ಕೆಂಪಗೆ ಕೂತಿದ್ದವು. ನಲವತ್ತು ಐವತ್ತು ಜನ: ದಲಾಲರು, ಗುಮಾಸ್ತರು, ಸುಮ್ಮನೆ ಬಂದವರು. ಮೇಜಿನ ಮೇಲೆ ಮಾಲತೇಶಪ್ಪನ ಅಳಿಯ ದುಬೈಯಿಂದ ತಂದ ಟೇಪ್ ರೆಕಾರ್ಡರು, ಅದರ ಬಾಯಿಗೆ ಒಂದು ಮೈಕು ಕಟ್ಟಿದ್ದರು. 'ಇದರ ಮಜಾ ಏನಂದ್ರ ಸರ, ಕೈ ಹಚ್ಚೂದ ಬ್ಯಾಡ. ಒಂದ ಮಗ್ಗಲು ಮುಗೀತಂದ್ರ ತಾನ ತಿರುಗಿ ಇನ್ನೊಂದು ಹಾಡತೈತಿ' ಎಂದು ಮಾಲತೇಶಪ್ಪ ಅದರ ನೆತ್ತಿ ತಟ್ಟಿದ. ಶಂಭುಲಿಂಗ ಜೇಬಿನಿಂದ ಕ್ಯಾಸೆಟ್ಟು ತೆಗೆದುಕೊಟ್ಟ. ಅದು ಮೈಯ ಬಿಸಿಗೆ ಬೆಚ್ಚಗಾಗಿತ್ತು. ಈಗಲೂ ಹೇಳಬಹುದಿತ್ತು, ಕ್ಯಾಸೆಟ್ಟು ಕೆಟ್ಟಿದೆ, ಬಿಸಿಲಿಗೆ ಸುರುಟಿದೆ ಎಂದು. ಸುಳ್ಳು ಹೇಳುವುದಕ್ಕೂ ಒಂದು ಹೊತ್ತಿರುತ್ತದೆ, ಅದು ದಾಟಿತ್ತು. ಮಾಲೆ ಹಾಕಿದ್ದಾಯಿತು, ಸ್ವಾಗತ ಆಯಿತು, ಗುಂಡಿ ಒತ್ತಿದ್ದೂ ಆಯಿತು.

ಗರಗರ. ಕೋಳಿ. ಆಮೇಲೆ ಆ ಗಂಟಲು, ಲೌಡ್‌ಸ್ಪೀಕರಿನಲ್ಲಿ ಇನ್ನೂ ದೊಡ್ಡದಾಗಿ, ಮೆಣಸಿನಕಾಯಿ ಚೀಲಗಳ ಮೇಲೆ ಹಾಯ್ದು ಹೋಯಿತು. ಜನ ಹುಬ್ಬೇರಿಸಿ ಒಬ್ಬರ ಮುಖ ಒಬ್ಬರು ನೋಡಿದರು. ದಿಕ್ಕುದೆಸೆಯಿಲ್ಲದವನಿಗೆ ಇಂಥ ಧ್ವನಿ ಇರುತ್ತದೆಂದು ಅವರು ಎಣಿಸಿರಲಿಲ್ಲ. ಇಂಗ್ಲಿಷಿನ ಒಂದೆರಡು ಮಾತು ಆದ ಮೇಲೆ ಶಂಭುಲಿಂಗ ಟೇಪು ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು, ಹಾಗೆ ಮಾತಾಗಿತ್ತು. 'ನಾನು ಸ್ವಂತ ಅಂಗಡಿಯಲ್ಲಿ ದುಡಿಯುತ್ತೇನೆ, ನನಗೆ ಯಾವುದಕ್ಕೂ ಕೊರತೆಯಿಲ್ಲ, ಈ ವಯಸ್ಸಿನಲ್ಲಿ ಓದಬೇಕೆಂಬುದು ನನ್ನ ಚೈನಿ' ಎಂದು ಎಲಿಯಾ ಹೇಳಿದ. 'ಬಹಳ ಕಷ್ಟದಲ್ಲಿ ಹೊಟ್ಟೆ ಹೊರೆಯುತ್ತಿದ್ದೇನೆ, ಓದಿದರೆ ನನಗೊಂದು ದಾರಿಯಾದೀತು' ಎಂದು ಶಂಭುಲಿಂಗ ಹೇಳಿದ. ಊರುಗೋಲನ್ನು ತಂಗಿಯ ಮಕ್ಕಳು ಕುದುರೆ ಮಾಡಿಕೊಂಡು ಎತ್ತಿಕೊಂಡು ಹೋಗುತ್ತಾರೆ, ಆಗ ತಾನು ಕುಂಟುತ್ತ ಬೆನ್ನಟ್ಟಿ ಹಿಡಿದು ಬಡಿಯುತ್ತೇನೆ ಎಂದು ಎಲಿಯಾ ನಕ್ಕ. ಇದನ್ನು ಶಂಭುಲಿಂಗ ಬಿಟ್ಟುಬಿಟ್ಟ. ಫೀಸು ಕಟ್ಟಿದ ದಿನ ಒಂದು ಹೋತ ಕೊಯ್ದು ಓಣಿಗೆಲ್ಲ ಊಟ ಹಾಕಿ ಬ್ಯಾಡಗಿಯ ಹೆಸರಿನಲ್ಲಿ ಉಣ್ಣುತ್ತೇವೆ, ಎಂದ ಎಲಿಯಾ. 'ಬಾಳೆಕಾಯಿ ಅಡುಗೆ ಮಾಡಿ ಓಣಿಗೆಲ್ಲ ಊಟ ಹಾಕುತ್ತೇನೆ' ಎಂದ ಶಂಭುಲಿಂಗ. ಮಾಲತೇಶಪ್ಪ ತಲೆದೂಗಿದ. ಮುಂದಿನ ಸಾಲಿನಲ್ಲಿ ಸುಮಯ್ಯಾ ಸೆರಗು ಬಾಯಿಗೊತ್ತಿಕೊಂಡು ನಕ್ಕದ್ದು ಕಾಣಿಸಿತು. ಅಣಕದ ನಗೆಯಲ್ಲ, ಸರ್ ಎಷ್ಟು ಜಾಣರು ಎಂಬ ನಗೆ. ಅವಳಿಗೆ ಎಲ್ಲ ತಿಳಿಯುತ್ತಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಅಂಗಳದಲ್ಲಿ ತನ್ನ ಮಾತನ್ನು ತೂಕಕ್ಕೆ ಹಾಕುವ ಒಂದು ತಕ್ಕಡಿ ಇದೆ.

ಆಮೇಲೆ ಎಲಿಯಾ ಬೇರೆ ಧಾಟಿಯಲ್ಲಿ ಶುರುಮಾಡಿದ. ಕೊನೆಗೆ ನನ್ನ ಗೆಳೆಯನ ಬಗ್ಗೆ. ನನ್ನ ಫೋಟೋ ನೋಡಿದ ಮೇಲೆ ಬಹಳ ಜನ ಬೇರೆ ಥರ ಬರೆಯಲು ಶುರುಮಾಡುತ್ತಾರೆ, ಇಲ್ಲವೆ ಬಿಟ್ಟೇಬಿಡುತ್ತಾರೆ. ಶಂಭುವಿಗೆ ಕಳಿಸಿದ್ದು ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡು ಹನ್ನೊಂದು ತಿಂಗಳು ತಡವಾಗಿ ಮುಟ್ಟಿತು. ಮುಟ್ಟಿದ ದಿನವೇ ಅವನು ಉತ್ತರ ಬರೆದ. ನನ್ನ ಕಾಲಿನ ಬಗ್ಗೆ ಒಂದು ಮಾತಿಲ್ಲ, ಹಿಂದಿದ್ದ ರೇಡಿಯೊ ಯಾವ ಕಂಪನಿಯದೆಂದು ಕೇಳಿದ. ನನ್ನನ್ನು ನೋಡಿಯೂ ಬದಲಾಗದವನು ಅವನೊಬ್ಬ. ನಿಮ್ಮ ನಡುವೆ ಅಂಥವನಿದ್ದಾನೆ, ಅವನಿಗಾಗಿ ನಿಮಗೆ ನನ್ನ ನಮಸ್ಕಾರ.

ಎಲ್ಲರೂ ಶಂಭುಲಿಂಗನನ್ನು ನೋಡುತ್ತಿದ್ದರು, ಕನ್ನಡಕ್ಕಾಗಿ. ಇದೇ ಆ ಗಳಿಗೆ, ಈಗ ಹೇಳಿಬಿಡಬೇಕು ಎಂದು ಒಳಗೆ ಯಾರೋ ಹೇಳಿದರು. ಇವರಿಗೇಕೆ ಹೇಳಬೇಕು, ಫೀಸಿನ ದುಡ್ಡು ಹಾಳಾಗುತ್ತದೆ ಎಂದು ಇನ್ನೊಬ್ಬರು. ಎರಡನೆಯವರ ಮಾತು ಯಾವಾಗಲೂ ಲೋಕೋಪಕಾರದ್ದೇ ಇರುತ್ತದೆ. 'ಎಲ್ಲರಿಗೂ ನಮಸ್ಕಾರ ಅಂತ ಹೇಳಿದ್ದಾನೆ' ಎಂದು ಅವನು ಮೈಕಿನಿಂದ ಹಿಂದೆ ಸರಿದ. ಆಗ ಸುಮಯ್ಯಾ ಎದ್ದು ನಿಂತಳು. 'ಸರ್ ಪೂರ್ತಿ ಹೇಳಲಿಲ್ರಿ' ಎಂದಳು. ಅಂಗಳ ತಿರುಗಿ ನೋಡಿತು. 'ತಮ್ಮ ಬಗ್ಗೆ ಐತಲ್ರಿ, ಅದಕ್ಕ ನಾಚಿಕೊಂಡು ಬಿಟ್ರು. ನಾ ಹೇಳ್ತೇನ್ರಿ.' ಮತ್ತು ಹೇಳಿದಳು, ಒಂದು ಪದ ಬಿಡದೆ, ಹನ್ನೊಂದು ತಿಂಗಳೂ, ರೇಡಿಯೊವೂ, ಬದಲಾಗದವನು ಅವನೊಬ್ಬ ಎಂಬುದೂ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಎಲ್ಲರ ಕಣ್ಣೂ ತುಂಬಿತ್ತು, ಘಾಟು ಸ್ವಲ್ಪ, ಮಾತು ಸ್ವಲ್ಪ. ಮಾಲತೇಶಪ್ಪ ಕುರ್ಚಿಯಿಂದೆದ್ದು, ತನ್ನ ಕೊರಳಿನ ಏಲಕ್ಕಿ ಮಾಲೆಯನ್ನು ಎರಡೂ ಕೈಯಿಂದ ತೆಗೆದು, 'ಇದು ನಿಮ್ಮ ಕೊರಳಾಗ ಇರಬೇಕಾದ್ದು ಸರ' ಎಂದು ಶಂಭುಲಿಂಗನಿಗೆ ಹಾಕಿದ. ಚಪ್ಪಾಳೆ. ಅವನು ತಲೆ ಬಗ್ಗಿಸಿ ನಿಂತ. ಮಾಲೆ ಹಾಕಿಸಿಕೊಳ್ಳುವುದಕ್ಕೆ ತಲೆ ಬಗ್ಗಿಸುವುದಕ್ಕೂ ನಾಚಿಕೆಗೆ ತಲೆ ಬಗ್ಗಿಸುವುದಕ್ಕೂ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ, ಅದೊಂದು ಅನುಕೂಲ.

ಮಂಡಕ್ಕಿ ಮಿರ್ಚಿಯ ತಟ್ಟೆಗಳು ಬಂದವು. ಜನ ಎದ್ದು ಗದ್ದಲ ಮಾಡಿದರು. ಫೋಟೋದವನು ಶಂಭುಲಿಂಗನನ್ನೂ ಮಾಲತೇಶಪ್ಪನನ್ನೂ ಕಟ್ಟೆಯ ಅಂಚಿಗೆ ನಿಲ್ಲಿಸಿ, ಇನ್ನಷ್ಟು ಹತ್ತಿರ, ಇನ್ನಷ್ಟು ಹತ್ತಿರ ಎನ್ನುತ್ತಿದ್ದ. ಕೊನೆಯ ಮಾತಿನ ಮೇಲೆ ಯಾರೂ ಟೇಪು ನಿಲ್ಲಿಸಿರಲಿಲ್ಲ. ಅದು ಸುಮ್ಮನೆ ತಿರುಗುತ್ತಿತ್ತು. ಒಂದು ಟಕ್ ಎಂಬ ಸದ್ದು ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು, ಮಗ್ಗುಲು ಬದಲಾಯಿತು, ಮತ್ತೆ ಆ ಗಂಟಲು ಅಂಗಳದ ತುಂಬ ಎದ್ದು ನಿಂತಿತು.

ಶಂಭು, ಈಗ ನೀನೊಬ್ಬನೇ ಇದ್ದೀ ಎಂದುಕೊಂಡಿದ್ದೇನೆ. ಬಾಗಿಲು ಹಾಕಿಕೋ. ನಾನು ಫೋಟೋ ಕಳಿಸಿದ ಲಕೋಟೆಗೆ, ಮುಟ್ಟಿದ್ದಕ್ಕೆ ಸಹಿ ಹಾಕುವ ಗುಲಾಬಿ ಚೀಟಿ ಹಚ್ಚಿದ್ದೆ, ನೆನಪಿದೆಯೋ ಇಲ್ಲವೋ. ಅದು ಸೆಪ್ಟೆಂಬರಿನಲ್ಲಿ ನನಗೆ ವಾಪಸು ಬಂತು. ನಿನ್ನ ಸಹಿ, ಆಗಸ್ಟ್ ಹದಿನಾಲ್ಕು ಎಂದು ನಿನ್ನದೇ ಅಕ್ಷರ. ಅದು ನನ್ನ ಪೆಟ್ಟಿಗೆಯಲ್ಲಿ ನಿನ್ನ ಪತ್ರಗಳ ಜೊತೆಗೇ ಇದೆ.

'ನಗ್ರಿ ಸರ' ಎಂದ ಫೋಟೋದವನು. ಶಂಭುಲಿಂಗ ಮೇಜಿನ ಕಡೆ ನೋಡಿದ. ಓಡಿಹೋಗಿ ಗುಂಡಿ ಒತ್ತಬೇಕು, ಮೇಜು ಹತ್ತೇ ಹೆಜ್ಜೆ, ಕಾಲು ಏಳಲಿಲ್ಲ. ಜನ ಮಿರ್ಚಿ ತಿನ್ನುತ್ತಿದ್ದರು. ಐವತ್ತು ಜನರ ತಲೆಯ ಮೇಲೆ ಎಲ್ಲ ಬಹಿರಂಗವಾಗಿ ಹೋಗುತ್ತಿತ್ತು, ಯಾರಿಗೂ ಮುಟ್ಟುತ್ತಿರಲಿಲ್ಲ. ಟೇಪಿನ ಪಕ್ಕದಲ್ಲಿ ಕೈಯಲ್ಲಿ ತಟ್ಟೆ ಹಿಡಿದ ಸುಮಯ್ಯಾ ಮಾತ್ರ ನಿಂತುಬಿಟ್ಟಿದ್ದಳು.

ಒಂದು ವರ್ಷ ನನಗೆ ಸಿಟ್ಟಿತ್ತು. ಆ ವರ್ಷದ ನನ್ನ ಪತ್ರಗಳು ಸಣ್ಣವು, ನೀನು ಗಮನಿಸಿರಲಿಕ್ಕಿಲ್ಲ. ಆಮೇಲೆ ಹೋಯಿತು. ಆ ಕಡೆಯ ಮಗ್ಗುಲಲ್ಲಿ ನಾನು ಹೇಳಿದ್ದು, ನಿನ್ನ ಜನ ದುಡ್ಡು ಕೊಟ್ಟಿದ್ದಾರಲ್ಲ, ಅವರು ಒಬ್ಬ ಒಳ್ಳೆಯವನನ್ನು ನಂಬಿ ಕೊಟ್ಟಿದ್ದಾರೆ, ಅವರ ಸಂತೋಷ ಕೆಡಿಸುವುದು ಬೇಡವೆಂದು. ದುಡ್ಡು ನನಗೆ ಬೇಕು, ತಗೊಳ್ಳುತ್ತೇನೆ, ಓದುತ್ತೇನೆ. ಆದರೆ ಅದು ಬೇರೆ, ಇದು ಬೇರೆ. ಪತ್ರದ ಬದಲಿಗೆ ದುಡ್ಡು ಕಳಿಸಿದೆ ಎಂದು ಎಣಿಸಬೇಡ. ನನಗೆ ಹನ್ನೊಂದು ಪತ್ರ ಬರಬೇಕು. ಬರೀ.

ಗರಗರ. ಕೋಳಿ ಕೂಗಲಿಲ್ಲ ಈ ಸಲ. ಮಾಲತೇಶಪ್ಪ ಮಿರ್ಚಿಯ ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತ, 'ಮತ್ತೇನಂತಾನ ತಂಗಿ ನಮ್ಮ ಆಫ್ರಿಕಾದಾಂವ?' ಎಂದು ಕಟ್ಟೆಯಿಂದಲೇ ಸುಮಯ್ಯಾಳನ್ನು ಕೂಗಿ ಕೇಳಿದ. ಅವಳು ತಲೆಯೆತ್ತಿ ಶಂಭುಲಿಂಗನನ್ನು ನೋಡಿದಳು. ಬಸ್ಸಿನಲ್ಲಿ ಏಲಕ್ಕಿ ಬೆರಳಲ್ಲಿ ಹಿಡಿದು ನೋಡಿದ ಕಣ್ಣಲ್ಲ ಅದು. ಅವಳು ಏನು ಬೇಕಾದರೂ ಹೇಳಬಹುದಿತ್ತು, ಮತ್ತು ಒಂದು ಕ್ಷಣ ಶಂಭುಲಿಂಗ, ದೇವರಾಣೆಗೂ, ಹೇಳಲಿ ಎಂದೇ ಬಯಸಿದ. ಹೇಳಿಬಿಡಲಿ, ತನ್ನ ಬಾಯಿಂದ ಬರದೆ ಮುಗಿದುಹೋಗಲಿ. 'ಪತ್ರಾ ಬರೀ ಅನ್ನಾಕತ್ತಾರ್ರಿ' ಎಂದಳು ಸುಮಯ್ಯಾ. 'ಹನ್ನೊಂದು ಪತ್ರಾ ಬಾಕಿ ಅದಾವಂತ.' ಉಳಿದದ್ದನ್ನು ಬಿಟ್ಟಳು. ಬಿಡುವುದನ್ನು ಅವಳು ಅರ್ಧ ಗಂಟೆಯ ಹಿಂದೆ ಇದೇ ಕಟ್ಟೆಯ ಮೇಲೆ, ಅವನಿಂದಲೇ ಕಲಿತಿದ್ದಳು. ಮಾಲತೇಶಪ್ಪ ಹೊಟ್ಟೆ ಕುಣಿಸಿ ನಕ್ಕ. 'ಕೊಟ್ಟಬಿಡ್ರಿ ಸರ, ಬಾಕಿ ಇಟ್ಕೋಬ್ಯಾಡ್ರಿ. ನಾವು ವ್ಯಾಪಾರಸ್ಥರೂ ಇಟ್ಕೊಳ್ಳಂಗಿಲ್ಲ!'

ಬಸ್‌ಸ್ಟ್ಯಾಂಡಿನವರೆಗೆ ಅವನೂ ಸುಮಯ್ಯಾಳೂ ನಡೆದು ಹೋದರು. ಅವನಿಗೆ ಮಾಲೆ ತೆಗೆಯಬೇಕೆಂಬುದು ಮರೆತಿತ್ತು. ನಡೆದಾಗ ಐದೆಳೆಯೂ ಎದೆಗೆ ಬಡಿದು ಬಡಿದು ವಾಸನೆ ಬಿಡುತ್ತಿತ್ತು. ಹಾವೇರಿಯ ಬಸ್ಸು ನಿಂತಿತ್ತು. ಅವನು ಮಾಲೆ ತೆಗೆದು ಅವಳ ಮುಂದೆ ಹಿಡಿದು, 'ಇದನ್ನ ನಿಮ್ಮಮ್ಮಗ ವಾಪಸು ಕೊಡು. ಅರ್ಧಾ ರೊಕ್ಕಾ ಕೊಟ್ರೂ ನಡದೀತು, ಎಲಿಯಾನ ರೊಕ್ಕಾ ಅದು' ಎಂದ. ಹೇಳುವಾಗಲೇ ಮಾತು ಎಷ್ಟು ಸಣ್ಣದಾಗಿ ಹೊರಬಿತ್ತೆಂದು ಗೊತ್ತಾಯಿತು. 'ಕೊರಳಿಗೆ ಹಾಕಿದ್ದನ್ನ ಅಮ್ಮಾ ತಿರುಗಿ ತಗೊಳ್ಳಂಗಿಲ್ರಿ' ಎಂದಳು ಸುಮಯ್ಯಾ. ಚೀಲದಿಂದ ಕ್ಯಾಸೆಟ್ಟು ತೆಗೆದು ಅವನ ಕೈಗಿಟ್ಟಳು. ಗದ್ದಲದಲ್ಲಿ ಅದನ್ನೂ ಅವನು ಬಿಟ್ಟು ಬಂದಿದ್ದ. 'ಸುಮಯ್ಯಾ, ಆವಾಗ ಏನಾಗಿತ್ತಂದ್ರ,' ಎಂದು ಅವನು ಶುರುಮಾಡಿದ. ಆ ಕಾಲು, ಆ ಸಿಟ್ಟು, ಹರಿದ ಹಾಳೆಗಳು, ಎಲ್ಲ ಒಟ್ಟಿಗೆ ಬಾಯಿಗೆ ಬಂದವು, ಈಗ ಇವಳಿಗೆ ಹೇಳಿದರೆ ಹಗುರಾಗಬಹುದು ಅನಿಸಿತು. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ, ಬಿರುಸಾಗಿಯೇನೂ ಅಲ್ಲದೆ, 'ನನಗ್ಯಾಕ ಹೇಳ್ತೀರಿ ಸರ್?' ಎಂದು ಒಳಗೆ ಹೋದಳು. ಕಿಟಕಿಯಲ್ಲಿ ಅವಳ ಮುಖ ಕಾಣಲಿಲ್ಲ, ಆಚೆ ಬದಿ ಕೂತಿರಬೇಕು.

ರಾಣೇಬೆನ್ನೂರು ಬಸ್ಸಿಗೆ ಇನ್ನೂ ಅರ್ಧ ತಾಸು. ಬೆಂಚಿನ ಮೇಲೆ ಮಾಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಸಾವಿರಾರು ಸಲ ಸಹಿ ಮಾಡಿದ್ದಾನೆ ಬದುಕಿನಲ್ಲಿ, ಆ ಒಂದು ಸಹಿ ಅವನಿಗೆ ನೆನಪೇ ಇರಲಿಲ್ಲ. ಆಫ್ರಿಕದ ಒಂದು ಪೆಟ್ಟಿಗೆಯಲ್ಲಿ ಅದು ಐದು ವರ್ಷ ಕೂತಿತ್ತು. ಪ್ರತಿ ಪತ್ರ ಬರೆಯುವಾಗಲೂ ಎಲಿಯಾನಿಗೆ ಗೊತ್ತಿತ್ತು. ರೇಡಿಯೊ ಜರ್ಮನಿಯದು ಎಂದು ಬರೆಯುವಾಗಲೂ ಗೊತ್ತಿತ್ತು. ಶಂಭುಲಿಂಗನಿಗೆ ಅಳು ಬರಲಿಲ್ಲ. ಮೈಯೆಲ್ಲ ಬೆಚ್ಚಗಾಗಿ, ಕಿವಿ ಕೆಂಪಗಾಗಿ, ಹುಡುಗನಾಗಿದ್ದಾಗ ಕದ್ದು ಸಿಕ್ಕಿಬಿದ್ದಾಗ ಹೇಗಾಗುತ್ತಿತ್ತೋ ಹಾಗಾಯಿತು.

'ಯಪ್ಪಾ, ಕರ್ಜಗಿ ಬಸ್ ಹೋತೇನ್ರಿ?' ಎಂದು ಯಾರೋ ಕೇಳಿದರು. ಕಂಕುಳಲ್ಲಿ ಖಾಲಿ ಚೀಲ ಮಡಿಚಿಕೊಂಡು ಸೋಮವ್ವ ನಿಂತಿದ್ದಳು. ಅವನ ಗುರುತು ಹಿಡಿದಂತಿರಲಿಲ್ಲ. ಇನ್ನೂ ಬಂದಿಲ್ಲಬೇ, ಎಂದ. ಅವಳು ಉಸ್ಸೆಂದು ಪಕ್ಕದಲ್ಲಿ ಕೂತು, ಮೂಗರಳಿಸಿ, ಅವನ ಮಡಿಲು ನೋಡಿದಳು. 'ಏಲಕ್ಕಿ ಮಾಲಿ! ದೊಡ್ಡ ಮಂದಿಗೆ ಹಾಕ್ತಾರಲ್ರಿ ಇದನ್ನ. ನಿಮಗ ಹಾಕಿದ್ರ?'

'ಹೂನಬೇ.'

'ಯಾಕ ಹಾಕಿದ್ರಿ ಯಪ್ಪಾ? ಏನ ಮಾಡಿದ್ರಿ?'

ಶಂಭುಲಿಂಗ ಮಾಲೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. 'ಒಬ್ಬ ಗೆಳ್ಯಾ ಇದ್ದ' ಎಂದ. 'ಅವನ ಕಾಲು ಸಣ್ಣದಿತ್ತು. ಅದನ್ನ ನೋಡಿ ಹನ್ನೊಂದು ತಿಂಗಳು ಅವಗ ಪತ್ರಾ ಬರೀಲಿಲ್ಲ.'

ಸೋಮವ್ವ ಇನ್ನೂ ಏನಾದರೂ ಇದೆಯೋ ಎಂದು ಕಾದಳು. ಇರಲಿಲ್ಲ. ಅವನ ಮುಖವನ್ನೂ ಮಾಲೆಯನ್ನೂ ಒಮ್ಮೆ ನೋಡಿದಳು.

'ಅದಕ್ಕ ಮಾಲಿ ಹಾಕ್ತಾರೇನ್ರಿ ಈಗ?'

'ಹಾಕಿದ್ರಬೇ' ಎಂದ ಶಂಭುಲಿಂಗ.